ಹತ್ತು ಸಾವಿರದ ಇಂಟ್ರಾಡೇ: ಖರ್ಚು ಕಳೆದು ಎಷ್ಟು ಉಳಿಯುತ್ತೆ?

ಕಳೆದ ತಿಂಗಳು ಮೆಸ್‌ನಲ್ಲಿ ತಟ್ಟೆ ಹಿಡಿದು ಕ್ಯೂನಲ್ಲಿ ನಿಂತಿದ್ದಾಗ ಮೂರನೇ ಸೆಮ್‌ನ ಹುಡುಗನೊಬ್ಬ ಹಿಂದಿನಿಂದ ಭುಜ ತಟ್ಟಿ ಕೇಳಿದ: "ಅಣ್ಣಾ, ಹತ್ತು ಸಾವಿರ ಇದೆ. ಇಂಟ್ರಾಡೇ ಶುರು ಮಾಡ್ಲಾ?" ನಾನು ಟ್ರೇಡಿಂಗ್ ಮಾಡ್ತೀನಿ ಅನ್ನೋ ಸುದ್ದಿ ಹಾಸ್ಟೆಲ್‌ನಲ್ಲಿ ಹೇಗೋ ಹರಡಿತ್ತು. ಮಾಡ್ತಿದ್ದೆ, ಈಗ ನಿಲ್ಲಿಸಿದೀನಿ ಅನ್ನೋದು ಮಾತ್ರ ಹರಡಿರಲಿಲ್ಲ.

ಹೂಂ ಅಂತಲೋ ಬೇಡ ಅಂತಲೋ ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಆದರೆ ಬೇಡ ಅಂದರೆ ಅವನೇನು ಕೇಳ್ತಾನಾ? ನನಗೂ ಇಬ್ಬರು ಸೀನಿಯರ್‌ಗಳು ಬೇಡ ಅಂದಿದ್ದರು. ಅದಕ್ಕೆ ಊಟ ಆದಮೇಲೆ ರೂಮಿಗೆ ಕರೆದುಕೊಂಡು ಹೋಗಿ ಒಂದು ಎಕ್ಸೆಲ್ ಶೀಟ್ ತೆರೆದು ಕೂರಿಸಿದೆ. ಅಲ್ಲಿ ಮಾಡಿದ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ. ಎಸ್ಸೆಸ್ಸೆಲ್ಸಿ ಗಣಿತ, ಜೊತೆಗೆ ನಾವು ಹೇಗೋ ಪಾಸಾದ ಪ್ರಾಬಬಿಲಿಟಿ, ಅಷ್ಟು ಸಾಕು.

ಮೊದಲು ವಿಷಯ ಏನು ಅಂತ ಸ್ಪಷ್ಟ ಮಾಡಿಕೊಳ್ಳೋಣ. ಬೆಳಿಗ್ಗೆ 9:15ಕ್ಕೆ ಪೇಟೆ ತೆರೆಯುತ್ತೆ, ಮಧ್ಯಾಹ್ನ 3:30ಕ್ಕೆ ಮುಚ್ಚುತ್ತೆ. ಅದರೊಳಗೆ ಕೊಂಡ ಷೇರನ್ನು ಅದೇ ದಿನ ಮಾರಿ ಮುಗಿಸೋದು ಇಂಟ್ರಾಡೇ. ಬೆಲೆ ಇಳಿಯುತ್ತೆ ಅನ್ನಿಸಿದರೆ ಮೊದಲು ಮಾರಿ ಆಮೇಲೆ ಕೊಳ್ಳಬಹುದು, ಇದು ಶಾರ್ಟ್. ನೀವೇ ಮುಗಿಸದೆ ಹೋದರೆ 3:15ರಿಂದ 3:25ರ ಸುಮಾರಿಗೆ ಬ್ರೋಕರ್‌ನ ಸಿಸ್ಟಮ್ಮೇ ನಿಮ್ಮ ಪೊಸಿಷನ್ ಮುಚ್ಚಿಬಿಡುತ್ತೆ, ಎಷ್ಟೋ ಕಡೆ ಅದಕ್ಕೆ ಪ್ರತ್ಯೇಕ ಚಾರ್ಜ್ ಬೇರೆ. ಈ ಸಮಯ ನಮ್ಮ ಟೈಮ್‌ಟೇಬಲ್ ಮೇಲೆ ಸರಿಯಾಗಿ ಕೂತಿರೋದನ್ನು ಗಮನಿಸಿದಿರಾ? ಮೊದಲ ಪೀರಿಯಡ್ ಶುರುವಾಗೋ ಹೊತ್ತಿಗೆ ಪೇಟೆಯ ಅತಿ ಗದ್ದಲದ ಅರ್ಧ ಗಂಟೆ, ಲ್ಯಾಬ್ ಮುಗಿಯೋ ಹೊತ್ತಿಗೆ ಪೇಟೆ ಬಂದ್. ಕೊನೇ ಬೆಂಚಿನಲ್ಲಿ ಡೆಸ್ಕ್ ಕೆಳಗೆ ಫೋನ್ ಹಿಡಿದು ಮಾಡೋ ಟ್ರೇಡಿಂಗ್‌ನಲ್ಲಿ ಪಾಠವೂ ಇಲ್ಲ, ಟ್ರೇಡೂ ಇಲ್ಲ. 85 ಪರ್ಸೆಂಟ್ ಅಟೆಂಡೆನ್ಸ್ ಕಥೆ ಆಮೇಲೆ ಎಚ್‌ಒಡಿ ಹತ್ತಿರ ಹೇಳ್ಕೋಬೇಕು.

ಐದು ಪಟ್ಟು ಅನ್ನೋ ಉಡುಗೊರೆ

ಹತ್ತು ಸಾವಿರ ಹಾಕಿದರೆ ಆ್ಯಪ್ ನಿಮಗೆ ಐವತ್ತು ಸಾವಿರದ ಷೇರು ಕೊಳ್ಳೋಕೆ ಬಿಡುತ್ತೆ. ಇದು ಲೆವರೇಜ್. ಸೆಬಿಯ ಪೀಕ್ ಮಾರ್ಜಿನ್ ನಿಯಮ 2021ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಜಾರಿಗೆ ಬಂದಮೇಲೆ, ಷೇರುಗಳಲ್ಲಿ ಕನಿಷ್ಠ ಶೇ. 20 ಮಾರ್ಜಿನ್ ನಿಮ್ಮ ಕೈಯಿಂದ ಇರಲೇಬೇಕು. ಅಂದರೆ ಹೆಚ್ಚೆಂದರೆ ಐದು ಪಟ್ಟು. ಅದಕ್ಕೆ ಮುಂಚೆ ಹತ್ತು, ಇಪ್ಪತ್ತು ಪಟ್ಟು ಕೊಡೋ ಬ್ರೋಕರ್‌ಗಳೂ ಇದ್ದರು. ಎಲ್ಲ ಷೇರಿಗೂ ಐದು ಪಟ್ಟು ಸಿಗಲ್ಲ, ಜಾಸ್ತಿ ಕುಣಿಯೋ ಷೇರಿಗೆ ಕಡಿಮೆ.

ಇಲ್ಲಿ ಎಲ್ಲರಿಗೂ ಗೊತ್ತಿರೋ ಅರ್ಧ ಇದು: ಷೇರು ಶೇ. 2 ಏರಿದರೆ ನಿಮಗೆ ಶೇ. 10 ಲಾಭ, ಶೇ. 2 ಇಳಿದರೆ ಶೇ. 10 ನಷ್ಟ. ಗೊತ್ತಿಲ್ಲದ ಇನ್ನರ್ಧ ಏನಪ್ಪಾ ಅಂದರೆ, ಖರ್ಚು ಕೂಡ ಐದು ಪಟ್ಟಾಗುತ್ತೆ. ಬ್ರೋಕರೇಜ್, ತೆರಿಗೆ ಎಲ್ಲ ಬೀಳೋದು ನಿಮ್ಮ ಹತ್ತು ಸಾವಿರದ ಮೇಲಲ್ಲ, ಐವತ್ತು ಸಾವಿರದ ಮೇಲೆ. ಲಾಭ ಬರಬಹುದು, ಬರದೇ ಇರಬಹುದು. ಖರ್ಚು ಮಾತ್ರ ಪ್ರತಿ ಸಲ ಬರುತ್ತೆ.

ಒಂದು ಸುತ್ತು ಲೆಕ್ಕ ಹಾಕೋಣ. 50,000ಕ್ಕೆ ಕೊಂಡು ಹೆಚ್ಚುಕಮ್ಮಿ ಅದೇ ಬೆಲೆಗೆ ಮಾರಿದಿರಿ ಅಂದುಕೊಳ್ಳಿ. ಡಿಸ್ಕೌಂಟ್ ಬ್ರೋಕರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ದರ ಒಂದು ಆರ್ಡರ್‌ಗೆ ಶೇ. 0.03 ಅಥವಾ 20 ರೂಪಾಯಿ, ಯಾವುದು ಕಡಿಮೆಯೋ ಅದು. ಕೊಳ್ಳೋಕೆ 15, ಮಾರೋಕೆ 15, ಒಟ್ಟು 30 ರೂಪಾಯಿ. ಮಾರಾಟದ ಮೇಲೆ ಎಸ್‌ಟಿಟಿ ಶೇ. 0.025, ಅಂದರೆ 12 ರೂಪಾಯಿ 50 ಪೈಸೆ. ಎಕ್ಸ್‌ಚೇಂಜ್‌ನ ಚಾರ್ಜ್ ಲಕ್ಷಕ್ಕೆ ಸುಮಾರು 3 ರೂಪಾಯಿ, ಎರಡೂ ಕಡೆ ಸೇರಿ ನಿಮ್ಮ ವಹಿವಾಟು ಒಂದು ಲಕ್ಷ, ಹಾಗಾಗಿ 3. ಬ್ರೋಕರೇಜ್ ಮತ್ತು ಈ ಚಾರ್ಜ್ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 6. ಕೊಳ್ಳುವಾಗ ಸ್ಟ್ಯಾಂಪ್ ಡ್ಯೂಟಿ ಶೇ. 0.003, ಒಂದೂವರೆ ರೂಪಾಯಿ. ಸೆಬಿ ಶುಲ್ಕ ಹತ್ತು ಪೈಸೆ. ಕೂಡಿದರೆ ಸುಮಾರು 53 ರೂಪಾಯಿ. ದರಗಳು ಆಗಾಗ ಬದಲಾಗುತ್ತವೆ, ಬ್ರೋಕರ್‌ನಿಂದ ಬ್ರೋಕರ್‌ಗೂ ಬೇರೆ. ಅದಕ್ಕೆ ನಿಮ್ಮ ಕಾಂಟ್ರ್ಯಾಕ್ಟ್ ನೋಟ್ ನೋಡಿ ನೀವೇ ಒಂದು ಸಲ ಮಾಡಿ.

53 ರೂಪಾಯಿ ಅಂದರೆ ಒಂದು ಮಸಾಲೆ ದೋಸೆ, ಅಷ್ಟೇ ತಾನೇ? ದಿನಕ್ಕೆ ನಾಲ್ಕು ಟ್ರೇಡ್ ಮಾಡಿದರೆ 212. ತಿಂಗಳಿಗೆ ಇಪ್ಪತ್ತು ದಿನ ಪೇಟೆ ನಡೆದರೆ 4,240. ನಿಮ್ಮ ಬಂಡವಾಳ ಹತ್ತು ಸಾವಿರ. ಅಂದರೆ ಒಂದು ರೂಪಾಯಿಯೂ ಸೋಲದೆ, ಒಂದು ರೂಪಾಯಿಯೂ ಗೆಲ್ಲದೆ, ಬರೀ ಆಡಿದ್ದಕ್ಕೆ ಒಂದು ತಿಂಗಳಲ್ಲಿ ಬಂಡವಾಳದ ಶೇ. 42 ಹೋಯಿತು. ಫಿಸಿಕ್ಸ್ ಪೇಪರ್‌ನಲ್ಲಿ "ಘರ್ಷಣೆ ಇಲ್ಲ ಎಂದು ಭಾವಿಸಿ" ಅಂತ ಇರುತ್ತಲ್ಲ, ಯೂಟ್ಯೂಬ್‌ನ ಸ್ಟ್ರ್ಯಾಟಜಿ ವಿಡಿಯೋಗಳೆಲ್ಲ ಆ ಪೇಪರ್‌ನವು.

ಕೆಲವು ಬ್ರೋಕರ್‌ಗಳು ಪರ್ಸೆಂಟ್ ಇಲ್ಲದೆ ಆರ್ಡರ್‌ಗೆ ಇಂತಿಷ್ಟು ಅಂತ ಫ್ಲಾಟ್ ಚಾರ್ಜ್ ಮಾಡ್ತಾರೆ. ಫ್ಲಾಟ್ 20 ಇದ್ದರೆ, ಲೆವರೇಜ್ ಇಲ್ಲದೆ ಹತ್ತು ಸಾವಿರದ ಒಂದು ಸುತ್ತಿಗೂ 50 ರೂಪಾಯಿ ದಾಟುತ್ತೆ. ಐದು ಲಕ್ಷ ಹಾಕೋನಿಗೆ ಅದು ಲೆಕ್ಕಕ್ಕಿಲ್ಲ. ಸಣ್ಣ ಬಂಡವಾಳದವರು ಅಕೌಂಟ್ ತೆರೆಯೋ ಮುಂಚೆ ನೋಡಬೇಕಾದ ಮೊದಲ ವಿಷಯ ಇದೇ. ಆ್ಯಪ್ ಬಣ್ಣ, ರೆಫರಲ್ ಬೋನಸ್ ಆಮೇಲೆ.

ನನ್ನ 122 ಟ್ರೇಡ್

ಐದನೇ ಸೆಮ್ ಶುರುವಿನಲ್ಲಿ ಅಪ್ಪ ಲ್ಯಾಪ್‌ಟಾಪ್‌ಗೆ ಅಂತ 15,000 ಕಳಿಸಿದ್ದರು. ಹಳೇದರ ಹಿಂಜ್ ಮುರಿದಿತ್ತು, ಬ್ಯಾಟರಿ ಅರ್ಧ ಗಂಟೆ ಬರ್ತಿತ್ತು. ಸೆಕೆಂಡ್ ಹ್ಯಾಂಡ್ ಒಂದು ನೋಡಿಕೋ ಅಂದಿದ್ದರು. ನಾನು ಅಂದುಕೊಂಡೆ: ಮೂರು ತಿಂಗಳು ಇದನ್ನೇ ಓಡಿಸಿ ಮೂವತ್ತು ಮಾಡಿದರೆ ಹೊಸದೇ ಬರುತ್ತಲ್ಲ. ಇದು ನನ್ನೊಬ್ಬನ ಯೋಚನೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ನಮ್ಮ ಫ್ಲೋರ್‌ನಲ್ಲೇ ಒಬ್ಬ ಬೈಕ್‌ಗೆ, ಇನ್ನೊಬ್ಬ ಅಕ್ಕನ ಮದುವೆಗೆ ಏನಾದರೂ ಕೊಡೋಣ ಅಂತ ಶುರು ಮಾಡಿದ್ದ.

ಮೂರು ತಿಂಗಳಲ್ಲಿ 122 ಟ್ರೇಡ್ ಮಾಡಿದೆ. ಸರಾಸರಿ ಒಂದೊಂದರ ಗಾತ್ರ 45,000, ಅಂದರೆ ಮೂರು ಪಟ್ಟು ಲೆವರೇಜ್. 64 ಗೆಲುವು, 58 ಸೋಲು. ಓದ್ತಾ ಇರೋರು ಇಲ್ಲಿ ಒಂದು ನಿಮಿಷ ನಿಲ್ಲಿ: ನಾನು ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿದ್ದೆ. ರೂಮ್‌ಮೇಟ್‌ಗೆ ಸ್ಕ್ರೀನ್‌ಶಾಟ್ ತೋರಿಸಿ ಬೀಗಿದ್ದೂ ಉಂಟು. ಆದರೆ ಗೆದ್ದಾಗ ಸರಾಸರಿ 210 ರೂಪಾಯಿ, ಸೋತಾಗ ಸರಾಸರಿ 269. ಲಾಭ ಕಂಡ ತಕ್ಷಣ ಕೈ ನಡುಗಿ ಮುಚ್ಚಿಬಿಡ್ತಿದ್ದೆ, ನಷ್ಟ ಆದಾಗ "ಇನ್ನೇನು ತಿರುಗುತ್ತೆ" ಅಂತ ಕಾಯ್ತಿದ್ದೆ. ಹಾಗಾಗಿ ಚಾರ್ಜ್‌ಗೆ ಮುಂಚೆಯೇ ಸುಮಾರು 2,160 ನಷ್ಟ. ಅದರ ಮೇಲೆ ಚಾರ್ಜ್ 5,820. ಹದಿನೈದರಲ್ಲಿ ಉಳಿದಿದ್ದು 7,020.

ಈ ಎರಡನೇ ಅಂಕಿ ನನಗೆ ಗೊತ್ತೇ ಇರಲಿಲ್ಲ. ನಾನು ನೋಡ್ತಿದ್ದ ಸ್ಕ್ರೀನಿನಲ್ಲಿ ಪಿ ಆ್ಯಂಡ್ ಎಲ್ ಅಂತ ಹಸಿರು, ಕೆಂಪು ಬಣ್ಣದಲ್ಲಿ ಹೊಳೆಯೋದು ಚಾರ್ಜ್ ಕಳೆಯದ ಅಂಕಿ. ಚಾರ್ಜ್ ಇರೋದು ದಿನಾ ಸಂಜೆ ಇಮೇಲ್‌ಗೆ ಬರೋ ಪಾಸ್‌ವರ್ಡ್ ಹಾಕಿದ ಪಿಡಿಎಫ್‌ನಲ್ಲಿ. ಯಾರು ತೆಗೀತಾರೆ ಅದನ್ನ?

ತೆಗೆಸಿದ್ದು ಅಪ್ಪ. ನಮ್ಮದು ತಿಪಟೂರು ಕಡೆ, ತೆಂಗಿನ ತೋಟ. ರಜೆಗೆ ಹೋದಾಗ ಹಳೇ ಲ್ಯಾಪ್‌ಟಾಪೇ ಬ್ಯಾಗಿನಿಂದ ಹೊರಗೆ ಬಂತಲ್ಲ, ವಿಷಯ ಹೇಳಲೇಬೇಕಾಯಿತು. ಬೈಗುಳಕ್ಕೆ ರೆಡಿಯಾಗಿದ್ದೆ. ಅಪ್ಪ ಬೈಲಿಲ್ಲ. ಕೊಬ್ಬರಿ ಮಂಡಿಗೆ ಹಾಕಿ ಬಂದ ದಿನ ಅಮ್ಮ ಯಾವಾಗಲೂ ಅಪ್ಪನ್ನ ಕೇಳೋ ಪ್ರಶ್ನೆಯನ್ನೇ ನನಗೆ ಕೇಳಿದರು: "ಖರ್ಚು ಎಷ್ಟು ಬಿತ್ತು?" ಕ್ವಿಂಟಲ್‌ಗೆ ಎಷ್ಟು ಸಿಕ್ಕಿತು ಅನ್ನೋದು ನಮ್ಮನೇಲಿ ಎರಡನೇ ಪ್ರಶ್ನೆ. ಕಾಯಿ ಸುಲಿಸಿದ ಕೂಲಿ, ಚೀಲ, ಗಾಡಿ ಬಾಡಿಗೆ, ಹಮಾಲಿ ಎಲ್ಲ ಕಳೆದು ಕೈಗೆ ಬಂದದ್ದೇ ದುಡ್ಡು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಎಲ್ಲ ಪಿಡಿಎಫ್ ತೆಗೆದು ಕೂಡಿದೆ. 64 ಗೆಲುವಿನಲ್ಲಿ 11 ಚಾರ್ಜ್ ಕಳೆದ ಮೇಲೆ ಸೋಲಾಗಿದ್ದವು.

ಎಷ್ಟು ಸಲ ಗೆಲ್ಲಬೇಕು?

ಈಗ ಇದನ್ನು ಸ್ವಲ್ಪ ಶಿಸ್ತಾಗಿ ಮಾಡೋಣ, ಇದೇ ಈ ಪಾಠದ ಮುಖ್ಯ ಭಾಗ. ಟ್ರೇಡಿಂಗ್ ಪುಸ್ತಕಗಳೆಲ್ಲ ಹೇಳೋ ಒಂದು ಒಳ್ಳೆ ನಿಯಮ ಇದೆ: ಒಂದು ಟ್ರೇಡ್‌ನಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಕಳೆದುಕೊಳ್ಳೋ ಹಾಗಿರಬಾರದು. ಹತ್ತು ಸಾವಿರಕ್ಕೆ ಅದು 100 ರೂಪಾಯಿ. ಎಷ್ಟು ಷೇರು ಕೊಳ್ಳಬೇಕು ಅನ್ನೋದು ಇದರಿಂದ ಹುಟ್ಟುತ್ತೆ: 100ನ್ನು, ಕೊಂಡ ಬೆಲೆಗೂ ಸ್ಟಾಪ್‌ಲಾಸ್‌ಗೂ ಇರೋ ಅಂತರದಿಂದ ಭಾಗಿಸಿ.

500 ರೂಪಾಯಿಯ ಷೇರು. ಸ್ಟಾಪ್‌ಲಾಸ್ 495ಕ್ಕೆ ಇಟ್ಟರೆ ಅಂತರ 5 ರೂಪಾಯಿ, 20 ಷೇರು, ಗಾತ್ರ 10,000. ಲೆವರೇಜ್ ಬೇಡವೇ ಬೇಡ. ಸ್ಟಾಪ್‌ಲಾಸ್ 497.50ಕ್ಕೆ ತಂದರೆ 40 ಷೇರು, 20,000. ಇನ್ನೂ ಬಿಗಿ ಮಾಡಿ 498.75 ಅಂದರೆ 80 ಷೇರು, 40,000. ಮೂರರಲ್ಲೂ ಸೋತರೆ ಹೋಗೋದು 100 ರೂಪಾಯಿಯೇ, ಕಾಗದದ ಮೇಲೆ ಮೂರೂ ಒಂದೇ ರಿಸ್ಕ್. ಸ್ಟಾಪ್‌ಲಾಸ್ ಬಿಗಿಯಾಗಿಡು ಅಂತ ಎಲ್ಲರೂ ಹೇಳೋದರಿಂದ ಮೂರನೆಯದೇ ಜಾಣತನ ಅನ್ನಿಸುತ್ತೆ.

ಆದರೆ ಖರ್ಚು? ಮೇಲಿನ ದರದಲ್ಲಿ ಒಂದು ಸುತ್ತಿಗೆ ಗಾತ್ರದ ಶೇ. 0.106. ಮೊದಲನೆಯದಕ್ಕೆ 10.60 ರೂಪಾಯಿ, ಎರಡನೆಯದಕ್ಕೆ 21.20, ಮೂರನೆಯದಕ್ಕೆ 42.40. ಗುರಿಯೂ 100 ರೂಪಾಯಿ, ಸ್ಟಾಪೂ 100 ರೂಪಾಯಿ ಅಂತಿಟ್ಟರೆ, ಮೊದಲನೆಯದರಲ್ಲಿ ಗೆದ್ದಾಗ ಕೈಗೆ 89.40, ಸೋತಾಗ ಕೈಯಿಂದ 110.60. ಲಾಭನಷ್ಟ ಸಮ ಆಗೋಕೆ ಶೇ. 55.3 ಸಲ ಗೆಲ್ಲಬೇಕು. ಎರಡನೆಯದಕ್ಕೆ ಶೇ. 60.6. ಮೂರನೆಯದಕ್ಕೆ ಶೇ. 71.2. ಇದು ಲಾಭಕ್ಕಲ್ಲ, ಸೊನ್ನೆಯಲ್ಲಿ ನಿಲ್ಲೋಕೆ. ನೂರಕ್ಕೆ ಎಪ್ಪತ್ತೊಂದು ಸಲ ಮುಂದಿನ ಹತ್ತು ನಿಮಿಷ ಏನಾಗುತ್ತೆ ಅಂತ ಸರಿಯಾಗಿ ಹೇಳೋನು ಹಾಸ್ಟೆಲ್ ಮೆಸ್‌ನಲ್ಲಿ ಉಪ್ಪಿಟ್ಟು ತಿಂತಿರಲ್ಲ.

"ಅಣ್ಣ, ನಾನು ರಿಸ್ಕ್-ರಿವಾರ್ಡ್ ಒಂದಕ್ಕೆ ಎರಡು ಇಡ್ತೀನಿ" ಅಂದ ನಮ್ಮ ಹುಡುಗ. ವಿಡಿಯೋ ನೋಡಿಕೊಂಡೇ ಬಂದಿದ್ದ. ಸರಿ, ನೋಡೋಣ. ಸ್ಟಾಪ್ 100, ಗುರಿ 200. ಖರ್ಚು ಸೇರಿಸಿದರೆ ಮೊದಲ ಉದಾಹರಣೆಯಲ್ಲಿ ಶೇ. 36.9 ಗೆದ್ದರೆ ಸಾಕು. ಎಷ್ಟು ಸುಲಭ! ಆದರೆ ಬೆಲೆ ಬರೀ ಯದ್ವಾತದ್ವಾ ಹೆಜ್ಜೆ ಹಾಕ್ತಿದ್ದರೆ, ಅಂದರೆ ರ‍್ಯಾಂಡಮ್ ವಾಕ್ ಆಗಿದ್ದರೆ, ಕೆಳಗೆ ಒಂದು ಹೆಜ್ಜೆ ಮುಟ್ಟೋ ಮುಂಚೆ ಮೇಲೆ ಎರಡು ಹೆಜ್ಜೆ ಮುಟ್ಟೋ ಸಾಧ್ಯತೆ ಮೂರರಲ್ಲಿ ಒಂದು, ಶೇ. 33.3. ಗ್ಯಾಂಬ್ಲರ್ಸ್ ರುಯಿನ್ ಅಂತ ಓದಿದ ನೆನಪಿದ್ದರೆ ಅದೇ. ಗುರಿಯನ್ನು ದೂರ ಇಟ್ಟಷ್ಟೂ ಅದನ್ನು ಮುಟ್ಟೋ ಸಾಧ್ಯತೆ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತೆ. ಒಂದಕ್ಕೆ ಎರಡು ಅನ್ನೋದು ತಾನಾಗಿ ಏನನ್ನೂ ಕೊಡಲ್ಲ. 33.3ಕ್ಕೂ 36.9ಕ್ಕೂ ಇರೋ ಆ ಗ್ಯಾಪ್ ತುಂಬೋದು ನಿಮ್ಮ ನಿಜವಾದ ವಿದ್ಯೆ. ಮೂರನೇ ಉದಾಹರಣೆಯಲ್ಲಿ ಇದೇ ಅಂಕಿ ಶೇ. 47.5, ಗ್ಯಾಪ್ ಹದಿನಾಲ್ಕು ಪಾಯಿಂಟ್.

ಇದರಲ್ಲಿ ಸ್ಲಿಪೇಜ್ ಸೇರಿಸಿಯೇ ಇಲ್ಲ. ಮಾರ್ಕೆಟ್ ಆರ್ಡರ್ ಹಾಕಿದಾಗ 500 ಅಂತ ಕಂಡದ್ದು 500.10ಕ್ಕೆ ಸಿಗೋದು, ಸ್ಟಾಪ್ 498.75 ಅಂದದ್ದು 498.60ಕ್ಕೆ ಮುಗಿಯೋದು ದಿನಾ ನಡೆಯುತ್ತೆ. 80 ಷೇರಿಗೆ ಹತ್ತು ಪೈಸೆ ಅಂದರೆ 8 ರೂಪಾಯಿ.

ಅಂದಮೇಲೆ ಬಂಡವಾಳ ಸಣ್ಣದಿದ್ದೋನು ಮಾಡಬೇಕಾದದ್ದು ಎಲ್ಲರೂ ಹೇಳೋದಕ್ಕೆ ಉಲ್ಟಾ. ದೂರದ ಸ್ಟಾಪ್, ಸಣ್ಣ ಗಾತ್ರ, ಅಪರೂಪದ ಟ್ರೇಡ್. ಲೆವರೇಜ್ ಬಟನ್ ಕಡೆ ನೋಡಲೇಬೇಡಿ.

ಹನ್ನೆರಡು ಹೆಡ್

ಮೊದಲ ಇಪ್ಪತ್ತು ಟ್ರೇಡ್‌ನಲ್ಲಿ ನಾನು 13 ಗೆದ್ದಿದ್ದೆ. ಅದೇ ನನ್ನ ಹಾಳು ಮಾಡಿದ್ದು. ಒಂದು ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿದರೆ 12 ಅಥವಾ ಅದಕ್ಕಿಂತ ಹೆಚ್ಚು ಹೆಡ್ ಬರೋ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಫ್ಲೋರ್‌ನಲ್ಲಿ ನಲವತ್ತು ಜನ ಶುರು ಮಾಡಿದರೆ, ಏನೂ ಗೊತ್ತಿಲ್ಲದೆಯೇ ಹತ್ತು ಜನಕ್ಕೆ "ನನಗಿದು ಒಲಿದಿದೆ" ಅನ್ನಿಸುತ್ತೆ. ಆ ಹತ್ತು ಜನವೇ ಸ್ಟೇಟಸ್ ಹಾಕೋದು. ಉಳಿದ ಮೂವತ್ತು ಜನ ಸುಮ್ಮನಿರ್ತಾರೆ.

ಶೇ. 55 ಗೆಲ್ಲೋ ವಿದ್ಯೆ ನಿಜವಾಗಿ ಇದೆಯಾ, ಅದೃಷ್ಟವಾ ಅಂತ ತಿಳಿಯೋಕೆ ಎಷ್ಟು ಟ್ರೇಡ್ ಬೇಕು? ಸ್ಟ್ಯಾಂಡರ್ಡ್ ಎರರ್ 0.5ನ್ನು ಎನ್‌ನ ವರ್ಗಮೂಲದಿಂದ ಭಾಗಿಸಿದಷ್ಟು. ಎರಡು ಸಿಗ್ಮಾ ದೂರ ಬೇಕು ಅಂದರೆ 400 ಟ್ರೇಡ್. 20 ಅಲ್ಲ, 400. ಆ 400 ಟ್ರೇಡ್ ಮುಗಿಯೋ ತನಕ ಅಕೌಂಟ್ ಬದುಕಿರಬೇಕು. ಐದು ಪಟ್ಟಿನಲ್ಲಿ, ಒಂದಕ್ಕೆ 53 ರೂಪಾಯಿಯಂತೆ, ಆ ಪರೀಕ್ಷೆಯ ಫೀಸೇ 21,200 ಆಗುತ್ತೆ. ಹತ್ತು ಸಾವಿರ ಇಟ್ಟುಕೊಂಡೋನು ರಿಸಲ್ಟ್ ನೋಡೋ ಮುಂಚೆಯೇ ಹೊರಗೆ.

ನಮ್ಮ ದೇಶದ ಅಂಕಿ ಇದನ್ನೇ ಹೇಳುತ್ತೆ. ಸೆಬಿ 2024ರ ಜುಲೈನಲ್ಲಿ ಷೇರುಗಳ ಇಂಟ್ರಾಡೇ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿತು. 2022-23ರ ಹಣಕಾಸು ವರ್ಷದಲ್ಲಿ ಹತ್ತರಲ್ಲಿ ಏಳು ಜನಕ್ಕೆ ನಷ್ಟ. ಮೂವತ್ತಕ್ಕಿಂತ ಕಡಿಮೆ ವಯಸ್ಸಿನವರ ಪಾಲು 2018-19ರಲ್ಲಿ ಶೇ. 18 ಇದ್ದದ್ದು ಶೇ. 48ಕ್ಕೆ ಏರಿತ್ತು, ಅವರಲ್ಲಿ ನಷ್ಟ ಮಾಡಿಕೊಂಡವರು ಶೇ. 76. ವರ್ಷಕ್ಕೆ 500ಕ್ಕಿಂತ ಹೆಚ್ಚು ಟ್ರೇಡ್ ಮಾಡಿದವರಲ್ಲಿ ಶೇ. 80. ಜಾಸ್ತಿ ಅಭ್ಯಾಸ ಮಾಡಿದವನು ಜಾಸ್ತಿ ಕಲಿಯಬೇಕಲ್ಲವಾ? ಇಲ್ಲಿ ಜಾಸ್ತಿ ಮಾಡಿದವನು ಜಾಸ್ತಿ ಖರ್ಚು ಕಟ್ಟುತ್ತಾನೆ. ನಷ್ಟ ಮಾಡಿಕೊಂಡವರು ತಮ್ಮ ನಷ್ಟದ ಮೇಲೆ ಇನ್ನೂ ಶೇ. 57ರಷ್ಟನ್ನು ಖರ್ಚಿನ ರೂಪದಲ್ಲಿ ಕೊಟ್ಟಿದ್ದರು. ನನ್ನದು ಇದಕ್ಕಿಂತ ಕೆಟ್ಟ ದಾಖಲೆ, ನಷ್ಟಕ್ಕಿಂತ ಖರ್ಚೇ ಎರಡೂವರೆ ಪಟ್ಟಿಗಿಂತ ಹೆಚ್ಚು.

ಬ್ರೆಜಿಲ್‌ನಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಇನ್ನೂ ಚೆನ್ನಾಗಿ ನೋಡಿದ್ದಾರೆ. ಅಲ್ಲಿ ಇಂಡೆಕ್ಸ್ ಫ್ಯೂಚರ್ಸ್‌ನಲ್ಲಿ ಡೇ ಟ್ರೇಡಿಂಗ್ ಶುರು ಮಾಡಿ 300 ದಿನಕ್ಕಿಂತ ಹೆಚ್ಚು ಪಟ್ಟು ಹಿಡಿದು ಕೂತ 1,551 ಜನರನ್ನು ತೆಗೆದುಕೊಂಡರು. ಶೇ. 97 ಜನಕ್ಕೆ ನಷ್ಟ. ಆ ದೇಶದ ಕನಿಷ್ಠ ಕೂಲಿಗಿಂತ ಹೆಚ್ಚು ದುಡಿದವರು ಶೇ. 1.1.

ಆಪ್ಷನ್ಸ್ ಬಗ್ಗೆ ಎರಡೇ ಮಾತು. "ಷೇರಿಗೆ ಕಾಸಿಲ್ಲ, ಐದು ಸಾವಿರದ ಪ್ರೀಮಿಯಂ ಹಾಕಿ ಆಪ್ಷನ್ ಕೊಳ್ತೀನಿ" ಅನ್ನೋದೇ ನಮ್ಮ ಕ್ಯಾಂಪಸ್‌ನ ರಾಜಮಾರ್ಗ. 2021-22ರಿಂದ 2023-24ರ ತನಕ ಎಫ್ ಆ್ಯಂಡ್ ಒ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ. 93 ಸೋತರು, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಗೆದ್ದವರ ಕಡೆ ಇದ್ದದ್ದು ದೊಡ್ಡ ಸಂಸ್ಥೆಗಳು, ಅವುಗಳ ಲಾಭದ ಬಹುಪಾಲು ಆಲ್ಗೊರಿದಮ್‌ಗಳಿಂದ. ಅಂದರೆ ಡೆಸ್ಕ್ ಕೆಳಗಿನ ನಿಮ್ಮ ಫೋನಿನ ಎದುರು ಕೂತಿರೋದು ಎಕ್ಸ್‌ಚೇಂಜ್ ಪಕ್ಕದಲ್ಲೇ ಇಟ್ಟಿರೋ ಸರ್ವರ್. ನಮ್ಮೂರ ಜಾತ್ರೆಯ ಅಂದರ್ ಬಾಹರ್‌ನಲ್ಲಾದರೂ ಎದುರಿಗೆ ಕೂತಿರೋನ ಮುಖ ಕಾಣುತ್ತೆ.

ಆದರೂ ಶುರು ಮಾಡ್ತೀನಿ ಅನ್ನೋರಿಗೆ

ಇಷ್ಟೆಲ್ಲ ಓದಿ ಬಿಟ್ಟುಬಿಡೋರು ಬಿಡ್ತಾರೆ. ಆದರೆ ಇದರಲ್ಲಿ ಕಲಿಯೋಕೆ ಏನೂ ಇಲ್ಲ ಅಂತ ನಾನು ಹೇಳಲ್ಲ. ಆರ್ಡರ್ ಬುಕ್ ಹೇಗೆ ಕೆಲಸ ಮಾಡುತ್ತೆ, ಲಿಮಿಟ್ ಆರ್ಡರ್‌ಗೂ ಮಾರ್ಕೆಟ್ ಆರ್ಡರ್‌ಗೂ ವ್ಯತ್ಯಾಸ ಏನು, ನಷ್ಟ ಎದುರಿಗಿದ್ದಾಗ ನಮ್ಮ ತಲೆ ಹೇಗೆ ಕೆಟ್ಟು ಹೋಗುತ್ತೆ, ಇದೆಲ್ಲ ನಿಜವಾದ ವಿದ್ಯೆ. ಅದನ್ನು ಸೋವಿಯಾಗಿ ಕಲಿಯೋ ದಾರಿ ಇದೆ.

ಒಂದೇ ಒಂದು ಷೇರು ಕೊಳ್ಳಿ. ಹೌದು, ಒಂದು. 400 ರೂಪಾಯಿಯ ಒಂದು ಷೇರಿನ ಇಂಟ್ರಾಡೇ ಸುತ್ತಿಗೆ, ಪರ್ಸೆಂಟ್ ಲೆಕ್ಕದ ಬ್ರೋಕರ್ ಆದರೆ, ಬೀಳೋದು ಐವತ್ತು ಪೈಸೆಯೊಳಗೆ. ಫ್ಲಾಟ್ ಚಾರ್ಜ್‌ನವರ ಹತ್ತಿರ ಇದು ಆಗಲ್ಲ. ಪೇಪರ್ ಟ್ರೇಡಿಂಗ್‌ಗಿಂತ ಇದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಪೇಪರಿನಲ್ಲಿ ಹೊಟ್ಟೆಯೊಳಗೆ ಏನೂ ಆಗಲ್ಲ. ಒಂದು ಷೇರಿಗೆ ನಾಲ್ಕು ರೂಪಾಯಿ ಹೋದರೂ ನಿಜವಾದ ನಾಲ್ಕು ರೂಪಾಯಿ.

ದೊಡ್ಡ ಕಂಪನಿಗಳ, ದಿನಾ ಭಾರಿ ವಹಿವಾಟು ಇರೋ ಷೇರುಗಳಲ್ಲೇ ಇರಿ. ಚಿಕ್ಕ ಕಂಪನಿಯ ಷೇರನ್ನು ಶಾರ್ಟ್ ಮಾಡಿ ಅದು ಅಪ್ಪರ್ ಸರ್ಕ್ಯೂಟ್‌ಗೆ ಹೋಗಿ ಕೂತರೆ ಮಾರೋರೇ ಇರಲ್ಲ, ನೀವು ವಾಪಸ್ ಕೊಳ್ಳೋಕೆ ಆಗಲ್ಲ. ಆಗ ಎಕ್ಸ್‌ಚೇಂಜ್ ಹರಾಜಿನಲ್ಲಿ ಕೊಂಡು ನಿಮ್ಮ ತಲೆಗೆ ಕಟ್ಟುತ್ತೆ. ಅಲ್ಲಿ ಸಿಕ್ಕ ಬೆಲೆಯೇ ಬೆಲೆ.

ಪ್ರತಿ ಟ್ರೇಡ್‌ಗೆ ಶೀಟ್‌ನಲ್ಲಿ ಒಂದು ಸಾಲು ಬರೆಯಿರಿ, ಮತ್ತೆ ಅದನ್ನು ಟ್ರೇಡ್‌ಗೆ *ಮುಂಚೆ* ಬರೆಯಿರಿ: ಯಾಕೆ ಕೊಳ್ತಿದ್ದೀನಿ, ಎಲ್ಲಿ ತಪ್ಪು ಅಂತ ಒಪ್ಕೊತೀನಿ, ಎಲ್ಲಿ ಮುಗಿಸ್ತೀನಿ. ಸಂಜೆ ಕಾಂಟ್ರ್ಯಾಕ್ಟ್ ನೋಟ್ ತೆಗೆದು ಚಾರ್ಜ್ ಕಾಲಮ್ ತುಂಬಿ. ನನ್ನ 58 ಸೋಲಿನಲ್ಲಿ ಮುಂಚೆ ಕಾರಣ ಬರೆಯಬಹುದಾಗಿದ್ದವು ಇಪ್ಪತ್ತೂ ಇರಲಿಲ್ಲ. ಉಳಿದವೆಲ್ಲ ಹಿಂದಿನ ಸೋಲು ತೀರಿಸಿಕೊಳ್ಳೋಕೆ ಹೋಗಿ ಆದವು, ಅದರಲ್ಲೂ ಹೆಚ್ಚಿನವು ಮಧ್ಯಾಹ್ನ ಎರಡು ಗಂಟೆ ಮೇಲೆ.

ಕೋಡಿಂಗ್ ಬರೋರು ಪೈಥಾನ್‌ನಲ್ಲಿ ಬ್ಯಾಕ್‌ಟೆಸ್ಟ್ ಮಾಡ್ತೀವಿ ಅಂತೀರಿ. ಮಾಡಿ, ಖರ್ಚಿಲ್ಲದ ಕೆಲಸ, ರೆಸ್ಯೂಮೆಗೂ ಆಯಿತು. ಆದರೆ ನಮ್ಮವರ ಬ್ಯಾಕ್‌ಟೆಸ್ಟ್‌ಗಳಲ್ಲಿ ನಾನು ಕಂಡ ತಪ್ಪುಗಳು ಹೆಚ್ಚುಕಮ್ಮಿ ಒಂದೇ. ದಿನದ ಕ್ಲೋಸಿಂಗ್ ಬೆಲೆ ನೋಡಿ ಸಿಗ್ನಲ್ ಹುಟ್ಟಿಸಿ, ಅದೇ ದಿನ ಬೆಳಿಗ್ಗೆಯ ಬೆಲೆಗೆ ಕೊಂಡ ಹಾಗೆ ಕೋಡ್ ಬರೆದಿರ್ತಾರೆ. ನಾಳೆಯ ಪೇಪರ್ ಇವತ್ತೇ ಓದಿದ ಹಾಗೆ. ಇವತ್ತಿನ ನಿಫ್ಟಿ 50 ಪಟ್ಟಿ ತಗೊಂಡು ಹತ್ತು ವರ್ಷ ಹಿಂದಕ್ಕೆ ಓಡಿಸ್ತಾರೆ. ಗೆದ್ದು ಪಟ್ಟಿಗೆ ಬಂದವರನ್ನೇ ಆರಿಸಿಕೊಂಡ ಮೇಲೆ ಲಾಭ ಬರದೇ ಇರುತ್ತಾ? ಮೂವಿಂಗ್ ಆವರೇಜ್‌ಗೆ 5ರಿಂದ 50ರ ತನಕ ಎಲ್ಲ ಅಂಕಿ ಹಾಕಿ, ಯಾವುದು ಚೆನ್ನಾಗಿ ಬಂತೋ ಅದನ್ನೇ "ಸ್ಟ್ರ್ಯಾಟಜಿ" ಅಂತಾರೆ. ಒಂದು ಸಣ್ಣ ಪರೀಕ್ಷೆ: ನಿಮ್ಮ ಕೋಡ್‌ನಲ್ಲಿ ಪ್ರತಿ ಸುತ್ತಿಗೆ ಶೇ. 0.15 ಖರ್ಚು ಅಂತ ಒಂದು ಸಾಲು ಸೇರಿಸಿ ಮತ್ತೆ ರನ್ ಮಾಡಿ. ಹತ್ತರಲ್ಲಿ ಎಷ್ಟು ಗ್ರಾಫ್ ಮೇಲಕ್ಕೇ ಹೋಗ್ತವೆ ನೋಡಿ.

ಇನ್ನು ಟೆಲಿಗ್ರಾಂ ಗುಂಪುಗಳು. ಷೇರಿನ ಹೆಸರು ಹೇಳಿ ದುಡ್ಡು ತಗೊಳ್ಳೋರಿಗೆ ಸೆಬಿ ನೋಂದಣಿ ಇರಬೇಕು. ರಿಸರ್ಚ್ ಅನಲಿಸ್ಟ್ ಆದರೆ ನಂಬರ್ ಐಎನ್‌ಎಚ್ ಅಂತ, ಇನ್ವೆಸ್ಟ್‌ಮೆಂಟ್ ಅಡ್ವೈಸರ್ ಆದರೆ ಐಎನ್‌ಎ ಅಂತ ಶುರುವಾಗುತ್ತೆ. ಸೆಬಿ ವೆಬ್‌ಸೈಟ್‌ನಲ್ಲಿ ಹುಡುಕಿದರೆ ಒಂದು ನಿಮಿಷ. "ಬರೀ ಎಜುಕೇಷನ್" ಅಂತ ಹೇಳಿಕೊಂಡು ಲೈವ್ ಚಾರ್ಟ್ ಮೇಲೆ ಕಾಲ್ ಕೊಡೋ ಹಾಗಿಲ್ಲ. ಪಾಠಕ್ಕೆ ಮೂರು ತಿಂಗಳ ಹಳೇ ಬೆಲೆಗಳನ್ನೇ ಬಳಸಬೇಕು ಅಂತ 2025ರ ಜನವರಿಯಲ್ಲೇ ಸೆಬಿ ಹೇಳಿದೆ. ಲಿಂಕ್ ಕಳಿಸಿ ಆ್ಯಪ್ ಹಾಕಿಸಿ, ಅದರಲ್ಲಿ ಲಾಭ ಏರ್ತಾ ಇರೋದನ್ನು ತೋರಿಸಿ, ತೆಗೆಯೋಕೆ ಹೋದರೆ "ಮೊದಲು ಟ್ಯಾಕ್ಸ್ ಕಟ್ಟಿ" ಅನ್ನೋದು ಶುದ್ಧ ಮೋಸ. ಸಿಕ್ಕಿಹಾಕಿಕೊಂಡರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ.

ತೆರಿಗೆ ವಿಷಯ ಯಾರೂ ಹೇಳಲ್ಲ. ಇಂಟ್ರಾಡೇ ಲಾಭ ಸ್ಪೆಕ್ಯುಲೇಟಿವ್ ಬಿಸಿನೆಸ್ ಆದಾಯ. ರಿಟರ್ನ್ ಹಾಕೋದಾದರೆ ಐಟಿಆರ್-3. ಈ ನಷ್ಟವನ್ನು ಇದೇ ಬಗೆಯ ಲಾಭದ ಎದುರು ಮಾತ್ರ ಕಳೆಯಬಹುದು, ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಅದಕ್ಕೂ ರಿಟರ್ನ್ ಸಮಯಕ್ಕೆ ಸರಿಯಾಗಿ ಹಾಕಿರಬೇಕು.

ಮತ್ತೆ ಸಾಲ. ಇದೊಂದಕ್ಕೆ ಲೆಕ್ಕ ಬೇಡ. ಲೋನ್ ಆ್ಯಪ್, ಗೆಳೆಯನ ಫೀಸು, ಸ್ಕಾಲರ್‌ಶಿಪ್, ಮೆಸ್ ಬಿಲ್ಲು, ಯಾವುದೂ ಇದಕ್ಕೆ ಬರಬಾರದು. ನಾನು ಅಪ್ಪನ ದುಡ್ಡನ್ನು ತಂದಿದ್ದೆ, ಅದಕ್ಕೇ ಸೋಲು ಒಪ್ಪಿಕೊಂಡು ಹೊರಬರೋಕೆ ಆಗ್ತಿರಲಿಲ್ಲ. ನಷ್ಟದ ಟ್ರೇಡ್ ಮುಚ್ಚೋದು ಅಂದರೆ ಅಪ್ಪನಿಗೆ ಹೇಳೋ ದಿನ ಹತ್ತಿರ ಬಂತು ಅಂತ. ಸ್ವಂತ ದುಡ್ಡಾಗಿದ್ದರೆ 269 ಅನ್ನೋ ಆ ಸರಾಸರಿ ನೂರೈವತ್ತರಲ್ಲೇ ನಿಲ್ತಿತ್ತೇನೋ. ಯಾರಾದರೂ ಗೆಳೆಯರು ಈಗಾಗಲೇ ಸಾಲದಲ್ಲಿದ್ದರೆ, ರಾತ್ರಿ ನಿದ್ದೆ ಮಾಡ್ತಿಲ್ಲ ಅನ್ನಿಸಿದರೆ, ಇನ್ನೊಂದು ಟ್ರೇಡ್‌ಗೆ ದುಡ್ಡು ಕೊಡಬೇಡಿ. ಅವರ ಜೊತೆ ಕೂತು ಮನೆಗೆ ಫೋನ್ ಮಾಡಿಸಿ. ಮನೆಯವರು ನಾವು ಅಂದುಕೊಂಡಷ್ಟು ಬೈಯಲ್ಲ.

ಉಳಿದ 7,020ಕ್ಕೆ ಹಿಂಜ್ ರಿಪೇರಿ ಮಾಡಿಸಿ, ಹೊಸ ಬ್ಯಾಟರಿ ಹಾಕಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ. ಈ ಲೇಖನ ಟೈಪ್ ಮಾಡ್ತಿರೋದು ಅದರಲ್ಲೇ, ಪರವಾಗಿಲ್ಲ, ಓಡ್ತಿದೆ.

ಮೆಸ್‌ನಲ್ಲಿ ಕೇಳಿದ ಹುಡುಗ ನಿನ್ನೆ ಮತ್ತೆ ಸಿಕ್ಕಿದ್ದ. ಶುರು ಮಾಡಿದ್ದಾನೆ, ಒಂದೊಂದೇ ಷೇರು, ಕ್ಲಾಸ್ ಇಲ್ಲದ ದಿನ ಮಾತ್ರ. 37 ಟ್ರೇಡ್ ಆಗಿದೆಯಂತೆ. ಎಷ್ಟು ಬಂತೋ ಅಂತ ನಾನು ಕೇಳೋ ಮುಂಚೆ ಅವನೇ ಫೋನ್ ತೆಗೆದು ಶೀಟ್ ತೋರಿಸಿದ. ಚಾರ್ಜ್ ಕಾಲಮ್‌ನ ಮೊತ್ತ 16 ರೂಪಾಯಿ ಚಿಲ್ಲರೆ. ಲಾಭನಷ್ಟ ಕಾಲಮ್‌ನಲ್ಲಿ ಮೈನಸ್ 41. "ಅಣ್ಣಾ, ಇನ್ನೂ 363 ಇದೆ" ಅಂದ.